ಪ್ರಕೃತಿ, ಪ್ರತ್ಯಯ ಮತ್ತು ರೋಗದ ಹೆಸರು

ಶಬ್ದಕ್ಕೆ ಹೆದರಿದವನು ಶಾಸ್ತ್ರಕ್ಕೂ ಹೆದರುತ್ತಾನೆ. ವೈದ್ಯವಿದ್ಯೆಯ ವಿಷಯದಲ್ಲಿ ಈ ಮಾತು ಮತ್ತಷ್ಟು ದಿಟ. ರೋಣದ ಒಕ್ಕಲು ಮನೆಗಳಿಂದ, ನರಗುಂದದ ಎರೆಹೊಲಗಳ ನಡುವಣ ಊರುಗಳಿಂದ, ಗಜೇಂದ್ರಗಡದ ಮಗ್ಗದ ಮನೆಗಳಿಂದ ಬಂದು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ಹುಡುಗ ಹುಡುಗಿಯರು ನರ್ಸಿಂಗ್, ಫಾರ್ಮಸಿ ಮೊದಲಾದ ವಿದ್ಯೆಗಳನ್ನರಸಿ ಗದಗಕ್ಕೋ ಹುಬ್ಬಳ್ಳಿಗೋ ಹೋಗುತ್ತಾರೆ. ಅಲ್ಲಿ ರೋಗಿಯ ಮುಖ ಕಾಣುವ ಮೊದಲೇ ರೋಗದ ಹೆಸರುಗಳು ಸಾಲುಗಟ್ಟಿ ಎದುರು ನಿಲ್ಲುತ್ತವೆ. ನನ್ನಲ್ಲಿ ಕನ್ನಡ ಓದಿಹೋದ ಕೆಲವರು ರಜೆಗೆ ಬಂದಾಗ ತಮ್ಮ ಪಟ್ಟಿಗಳನ್ನು ತೋರಿಸುವುದುಂಟು. ನೂರಾರು ಶಬ್ದಗಳು, ಒಂದೊಂದನ್ನೂ ಇಡಿಯಾಗಿ ಉರುಹೊಡೆಯುವ ಸಾಹಸ. ಬೇಸತ್ತು ಓದನ್ನೇ ಬಿಟ್ಟು ಊರಿಗೆ ಮರಳಿದವರೂ ಇದ್ದಾರೆ. ಅವರಿಗೆ ಬುದ್ಧಿಯ ಕೊರತೆಯಿತ್ತೆಂದು ನಾನು ಹೇಳಲಾರೆ.

ಕನ್ನಡದ ಅಧ್ಯಾಪಕನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಈ ಶಬ್ದಗಳ ಬೀಗ ತೆರೆಯುವ ಕೀಲಿಕೈ ನಮ್ಮ ವ್ಯಾಕರಣದ ತರಗತಿಯಲ್ಲಿಯೇ ಇದೆ ಎಂಬುದು ನನ್ನ ಉತ್ತರ. ಶಬ್ದವನ್ನು ಪ್ರಕೃತಿಯೆಂದೂ ಪ್ರತ್ಯಯವೆಂದೂ ಬಿಡಿಸಿ ನೋಡುವುದನ್ನು ಕೇಶಿರಾಜನು 13ನೆಯ ಶತಮಾನದಲ್ಲಿಯೇ ಕನ್ನಡಿಗರಿಗೆ ಕಲಿಸಿದ್ದಾನೆ. ಗ್ರೀಕ್ ಮತ್ತು ಲ್ಯಾಟಿನ್ ಮೂಲದ ವೈದ್ಯಶಬ್ದಗಳೂ ಇದೇ ಬಗೆಯಲ್ಲಿ ಬಿಚ್ಚಿಕೊಳ್ಳುತ್ತವೆ. 'ಹೆಪಟ್' ಎಂದರೆ ಯಕೃತ್ತು, 'ಗ್ಯಾಸ್ಟ್ರ್' ಜಠರ, 'ನೆಫ್ರ್' ಮೂತ್ರಪಿಂಡ, 'ಆರ್ಥ್ರ್' ಕೀಲು, 'ನ್ಯೂರ್' ನರ. ಇವು ಪ್ರಕೃತಿಗಳು. 'ಐಟಿಸ್' ಎಂದರೆ ಉರಿಯೂತ, 'ಆಲ್ಜಿಯ' ನೋವು, 'ಎಕ್ಟಮಿ' ಕೊಯ್ದು ತೆಗೆಯುವುದು, 'ಆಲಜಿ' ಶಾಸ್ತ್ರ. ಇವು ಪ್ರತ್ಯಯಗಳು. ಈ 9 ತುಣುಕುಗಳನ್ನು ಅರಿತವನಿಗೆ 20 ಶಬ್ದಗಳು ತಾವಾಗಿಯೇ ಒಲಿಯುತ್ತವೆ. ಹೆಪಟೈಟಿಸ್ ಯಕೃತ್ತಿನ ಉರಿಯೂತ. ನ್ಯೂರಾಲ್ಜಿಯ ನರದ ನೋವು. ನೆಫ್ರೆಕ್ಟಮಿ ಮೂತ್ರಪಿಂಡವನ್ನು ತೆಗೆಯುವ ಶಸ್ತ್ರಚಿಕಿತ್ಸೆ.

ಸಂಧಿಯೂ ಇಲ್ಲಿ ಉಂಟು. ಎರಡು ತುಣುಕುಗಳ ನಡುವೆ ಸಾಮಾನ್ಯವಾಗಿ 'ಒ'ಕಾರವೊಂದು ಸೇತುವೆಯಾಗಿ ನಿಲ್ಲುತ್ತದೆ: ಗ್ಯಾಸ್ಟ್ರೊಸ್ಕೊಪಿ. ಮುಂದಿನ ಪ್ರತ್ಯಯವು ಸ್ವರದಿಂದ ಆರಂಭವಾದರೆ ಆ 'ಒ'ಕಾರ ಬಿದ್ದುಹೋಗುತ್ತದೆ: ಗ್ಯಾಸ್ಟ್ರೈಟಿಸ್. 'ಊರು ಊರು' ಎಂಬುದು 'ಊರೂರು' ಆಗುವ ಲೋಪಸಂಧಿಯನ್ನು ಬಲ್ಲ ವಿದ್ಯಾರ್ಥಿಗೆ ಇದರಲ್ಲಿ ಹೊಸದೇನಿದೆ? ಎರಡು ಅಂಗಗಳ ಹೆಸರುಗಳು ಕೂಡಿದಾಗ ಮಾತ್ರ ಮುಂದೆ ಸ್ವರವಿದ್ದರೂ 'ಒ'ಕಾರ ಉಳಿಯುವುದುಂಟು: ಗ್ಯಾಸ್ಟ್ರೊಎಂಟರೈಟಿಸ್. ಅದನ್ನು ನಮ್ಮ ಪ್ರಕೃತಿಭಾವದ ಪಕ್ಕದಲ್ಲಿಟ್ಟರೆ ನೆನಪಿನಲ್ಲಿ ನಿಲ್ಲುತ್ತದೆ.

ಬಳಗದ ಸಂಬಂಧವೂ ಇದೆ. ಗ್ರೀಕಿನ ನಿಷೇಧಾರ್ಥಕ 'ಅ', 'ಅನ್'ಗಳು ಸಂಸ್ಕೃತದ 'ಅಶುಚಿ', 'ಅನಾರೋಗ್ಯ'ಗಳಲ್ಲಿರುವ 'ಅ', 'ಅನ್'ಗಳ ಒಡಹುಟ್ಟಿದವು. 'ಹೈಪರ್' ನಮ್ಮ 'ಉಪರಿ'ಗೂ, 'ಹೈಪೊ' ನಮ್ಮ 'ಉಪ'ಕ್ಕೂ ನಂಟು. ಹೈಪರ್ ಎಂದರೆ ಮೇಲೆ, ಹೆಚ್ಚು. ಹೈಪೊ ಎಂದರೆ ಕೆಳಗೆ, ಕಡಿಮೆ. ಈ ಭೇದವು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ್ದಲ್ಲ. 'ಗ್ಲೈಕ್' ಸಕ್ಕರೆ, 'ಈಮಿಯ' ರಕ್ತದ ಸ್ಥಿತಿ. ಹೈಪೊಗ್ಲೈಸೀಮಿಯದಲ್ಲಿ ರಕ್ತದ ಸಕ್ಕರೆ ಕುಸಿದಿರುತ್ತದೆ. ಎಚ್ಚರವಿರುವ ರೋಗಿಗೆ ಒಡನೆಯೇ ಸಿಹಿ ಕೊಡಬೇಕು. ಹೈಪರ್‌ಗ್ಲೈಸೀಮಿಯದಲ್ಲಿ ಅದು ಏರಿರುತ್ತದೆ. ಅಲ್ಲಿ ಸಿಹಿಯೇ ವಿಷ. ಒಂದು ಉಪಸರ್ಗ ತಪ್ಪಿದರೆ ಒಂದು ಪ್ರಾಣಕ್ಕೆ ಸಂಚಕಾರ.

ಒಂದು ಎಚ್ಚರಿಕೆಯ ಮಾತನ್ನೂ ಹೇಳತಕ್ಕದ್ದಿದೆ. ತುಣುಕುಗಳು ಹೆಸರಿಟ್ಟವರ ತಿಳಿವಳಿಕೆಯನ್ನು ಹೇಳುತ್ತವೆ. ರೋಗದ ನಿಜವನ್ನು ಯಾವಾಗಲೂ ಹೇಳುವುದಿಲ್ಲ. 'ಮಲೇರಿಯ' ಎಂದರೆ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ. ಆದರೆ 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದರ ಜೀವಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡನು. ಹೆಸರು ಉಳಿಯಿತು, ಗಾಳಿಯ ಮೇಲಿನ ಅಪವಾದ ತೊಲಗಿತು. ಹಾಗೆಯೇ 'ಅನೀಮಿಯ' ಎಂಬ ಶಬ್ದ ರಕ್ತವೇ ಇಲ್ಲವೆನ್ನುತ್ತದೆ; ಇಲ್ಲವಾದದ್ದು ಅದರ ಸತ್ತ್ವ ಮಾತ್ರ. ಬಿಡಿಸಿದ ಶಬ್ದದ ಅರ್ಥವನ್ನು ಶಾಸ್ತ್ರದೊಡನೆ ಒರೆಹಚ್ಚಿಯೇ ಒಪ್ಪಬೇಕು.

ಕನ್ನಡಕ್ಕೆ ವೈದ್ಯ ಹೊಸದಲ್ಲ. 14ನೆಯ ಶತಮಾನದ ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ಕನ್ನಡ ಪದ್ಯಗಳಲ್ಲಿ ನಿರೂಪಿಸಿದನು. ನಮ್ಮ ಕಾಲಕ್ಕೆ ಸಮೀಪದಲ್ಲಿ ಡಾ. ಡಿ. ಎಸ್. ಶಿವಪ್ಪನವರು ವೈದ್ಯಕೀಯ ಪದಗಳ ಹುಟ್ಟು ಮತ್ತು ರಚನೆಯನ್ನೇ ವಿಷಯವಾಗಿ ಹಿಡಿದು ಕನ್ನಡದಲ್ಲಿ ಗ್ರಂಥ ಬರೆದರು. ದಾರಿಯನ್ನು ಬಲ್ಲವರು ಹಾಕಿಕೊಟ್ಟಿದ್ದಾರೆ, ನಡೆಯಬೇಕಾದವರು ನಾವು. ವ್ಯಾಕರಣ ಪಾಠದ ಕೊನೆಗೆ ಒಂದು ದಿನ ಕನ್ನಡದ ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಇಂಥ ಹತ್ತು ಶಬ್ದಗಳನ್ನು ಬರೆದು ಬಿಡಿಸಿ ತೋರಿಸಲಿ. ಮುಂದೆ ದವಾಖಾನೆಯಲ್ಲಿ, 'ನಮ್ಮಪ್ಪಗ ಏನಾಗೇತಿ?' ಎಂದು ಕೇಳುವ ಹಳ್ಳಿಯ ಮಗಳಿಗೆ ಆ ವಿದ್ಯಾರ್ಥಿಯು ಅವಳ ಮಾತಿನಲ್ಲಿಯೇ ಉತ್ತರ ಕೊಡಬಲ್ಲನು.