ಎಲ್ಲ ಎಲೆ ತೆರೆದಿಟ್ಟು ಯೋಚಿಸುವ ಯಂತ್ರ

2022ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ‘ನೂಕ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಎಂಟು ಮಂದಿ ಬ್ರಿಡ್ಜ್ ವಿಶ್ವ ಚಾಂಪಿಯನ್ನರ ಜೊತೆ ಪೈಪೋಟಿಗಿಳಿಯಿತು. ಹತ್ತು ಹತ್ತು ಆಟಗಳ 80 ಸುತ್ತುಗಳಲ್ಲಿ 67 ಅದರ ಪಾಲಾದವು. ಚೆಸ್ 1997ರಲ್ಲಿ, ‘ಗೋ’ 2016ರಲ್ಲಿ ಯಂತ್ರಕ್ಕೆ ಸೋತಿದ್ದವು. ಈಗ ಇಸ್ಪೀಟಿನ ಸರದಿ ಬಂತು ಎಂದು ಸುದ್ದಿಯಾಯಿತು.

ಆದರೆ ಆ ಪಂದ್ಯದಲ್ಲಿ ಬಿಡ್ಡಿಂಗ್, ಅಂದರೆ ಎಷ್ಟು ಟ್ರಿಕ್ ಗೆಲ್ಲುತ್ತೇವೆಂದು ಸರದಿಯಲ್ಲಿ ಕೂಗುವ ಹಂತ, ಇರಲೇ ಇಲ್ಲ. ಕಾಂಟ್ರಾಕ್ಟ್, ಅಂದರೆ ಮುಟ್ಟಬೇಕಾದ ಗುರಿ, ಮೊದಲೇ ಗೊತ್ತುಮಾಡಿದ ಮೂರು ನೋ-ಟ್ರಂಪ್. ಡಿಕ್ಲೇರರ್ ತನ್ನ ಎಲೆಗಳನ್ನೂ ಡಮ್ಮಿಯ, ಅಂದರೆ ಮೇಜಿನ ಮೇಲೆ ತೆರೆದಿಟ್ಟ ಜೊತೆಗಾರನ, ಎಲೆಗಳನ್ನೂ ಒಬ್ಬನೇ ಆಡುತ್ತಾನೆ, ಆ ಕೆಲಸವಷ್ಟೇ ಪರೀಕ್ಷೆಗಿತ್ತು. ಡಿಫೆನ್ಸಿಗೆ ಕೂತಿದ್ದವೂ ಪ್ರೋಗ್ರಾಂಗಳೇ. ಒಟ್ಟಿನಲ್ಲಿ, ಜೊತೆಗಾರನೊಡನೆ ಮಾತಾಡಬೇಕಾದ ಭಾಗವೆಲ್ಲ ನೂಕ್‌ನ ಪಾಲಿಗೆ ಹೊರಗುಳಿದಿತ್ತು. ಬ್ರಿಡ್ಜ್ ಕಲಿಯುವವರು ಎಡವುವುದೂ ಅಲ್ಲೇ.

ಬಹುತೇಕ ಬ್ರಿಡ್ಜ್ ಪ್ರೋಗ್ರಾಂಗಳು ಯೋಚಿಸುವ ಬಗೆ ಹೀಗೆ. ನಿಮ್ಮ ಕೈಯ 13 ಎಲೆ, ಡಮ್ಮಿಯ 13 ಎಲೆ ಕಾಣುತ್ತವೆ. ಉಳಿದ 26 ಎಲೆಗಳು ಇಬ್ಬರಲ್ಲಿ ಹಂಚಿಹೋಗಿರಬಹುದಾದ ರೀತಿಗಳು 1,04,00,600. ಯಂತ್ರ ಅವುಗಳಲ್ಲಿ ಐವತ್ತೋ ನೂರೋ ಹಂಚಿಕೆಗಳನ್ನು ಆರಿಸಿ, ಪ್ರತಿಯೊಂದರಲ್ಲೂ ನಾಲ್ಕೂ ಕೈಗಳನ್ನು ತೆರೆದಿಟ್ಟುಕೊಂಡು ಕೊನೆಯ ಟ್ರಿಕ್‌ವರೆಗೆ ಲೆಕ್ಕ ಹಾಕುತ್ತದೆ. ಹೆಚ್ಚು ಹಂಚಿಕೆಗಳಲ್ಲಿ ಲಾಭ ತರುವ ಎಲೆಯನ್ನೇ ಇಳಿಸುತ್ತದೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಮ್ಯಾಥ್ಯೂ ಗಿನ್ಸ್‌ಬರ್ಗ್ ಬರೆದ ‘ಗಿಬ್’ ಈ ಉಪಾಯದಿಂದಲೇ ಹೆಸರು ಮಾಡಿತು.

ಉಪಾಯದ ದೋಷವೂ ಅದರೊಳಗೇ ಇದೆ. ರಾಣಿ ಎಡಗಡೆ ಇದೆಯೋ ಬಲಗಡೆ ಇದೆಯೋ ಎಂಬ ಊಹೆಯ ಮೇಲೆ ಆಟ ನಿಂತಿದೆ ಎನ್ನಿ. ಯಂತ್ರ ಕಲ್ಪಿಸಿಕೊಂಡ ಪ್ರತಿ ಹಂಚಿಕೆಯಲ್ಲೂ ರಾಣಿ ಕಣ್ಣೆದುರೇ ಇರುವುದರಿಂದ ಅದು ಪ್ರತಿ ಸಲವೂ ಸಿಕ್ಕಿಬೀಳುತ್ತದೆ. ಊಹೆಯೇ ಬೇಡದ ಖಚಿತ ದಾರಿ ಇನ್ನೊಂದಿದ್ದರೂ ಯಂತ್ರದ ಲೆಕ್ಕದಲ್ಲಿ ಎರಡೂ ಸಮ.

ಡಿಫೆನ್ಸಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಎದುರಾಳಿಯ ಕಾಂಟ್ರಾಕ್ಟ್ ನಾಲ್ಕು ಇಸ್ಪೀಟು. ನಿಮ್ಮ ಜೊತೆಗಾರ ಆಟೀನಿನ ಎಕ್ಕ ಇಳಿಸುತ್ತಾನೆ. ಅವನ ಕೈಯಲ್ಲಿ ರಾಜ, ಎಂಟು, ಆರು ಉಳಿದಿವೆ. ಡಮ್ಮಿಯಲ್ಲಿ ಗುಲಾಮ, ಏಳು, ಮೂರು. ನಿಮ್ಮಲ್ಲಿ ಆಟೀನು ಎರಡೇ: ಒಂಬತ್ತು, ಎರಡು. ನೀವು ಒಂಬತ್ತು ಹಾಕುತ್ತೀರಿ, ಡಿಕ್ಲೇರರ್ ನಾಲ್ಕು ಹಾಕುತ್ತಾನೆ. ಜೊತೆಗಾರ ಈಗ ನೋಡಬೇಕಾದದ್ದು ಕಾಣದ ಎಲೆಯನ್ನು: ಎರಡು ಎಲ್ಲಿ? ದೊಡ್ಡದು ಮೊದಲು ಬಿದ್ದರೆ ‘ಇದನ್ನೇ ಮುಂದುವರಿಸು’ ಎಂದು ಅರ್ಥ. ಅವನು ರಾಜ ಇಳಿಸುತ್ತಾನೆ, ನಿಮ್ಮ ಎರಡು ಬೀಳುತ್ತದೆ, ಅನುಮಾನ ತೀರಿತು. ಮೂರನೇ ಆಟೀನಿಗೆ ನೀವು ತುರುಫು ಹೊಡೆಯುತ್ತೀರಿ. ಡಮ್ಮಿಯ ಗುಲಾಮ ಅಲ್ಲಿಗೆ ಮುಗಿಯಿತು. ನಿಮ್ಮ ಕೈಯಲ್ಲಿ ಹತ್ತು, ಒಂಬತ್ತು, ಎರಡು ಇದ್ದಿದ್ದರೆ ಮೊದಲೇ ಎರಡು ಹಾಕುತ್ತಿದ್ದಿರಿ, ಅವನು ಬೇರೆ ಬಣ್ಣಕ್ಕೆ ಹೋಗುತ್ತಿದ್ದ.

ನಾಲ್ಕೂ ಕೈ ತೆರೆದಿಟ್ಟ ಯಂತ್ರದ ಲೆಕ್ಕದಲ್ಲಿ ಮೊದಲು ಒಂಬತ್ತು ಹಾಕಿದರೂ ಎರಡು ಹಾಕಿದರೂ ಒಂದೇ. ಅದು ಕಲ್ಪಿಸಿಕೊಂಡ ಜೊತೆಗಾರನಿಗೆ ಎಲ್ಲವೂ ಕಾಣುತ್ತದೆ. ಹೇಳಿ ತಿಳಿಸಬೇಕಾದದ್ದು ಏನೂ ಉಳಿದಿಲ್ಲ. ಹಾಗಾಗಿ ಎಲೆಯ ಮೂಲಕ ಜೊತೆಗಾರನಿಗೆ ಕೊಡುವ ಈ ಸಿಗ್ನಲ್‌ಗಳನ್ನು ಇಂಥ ಪ್ರೋಗ್ರಾಂಗೆ ನಿಯಮಗಳ ರೂಪದಲ್ಲಿ ಬೇರೆಯಾಗಿಯೇ ಕಲಿಸಬೇಕು. ಅಷ್ಟಕ್ಕೇ ಮುಗಿಯದು: ಸಿಗ್ನಲ್ ಡಿಕ್ಲೇರರನಿಗೂ ಕಾಣುತ್ತದೆ. ಜೊತೆಗಾರನಿಗಿಂತ ಅವನಿಗೇ ಅದರಿಂದ ಹೆಚ್ಚು ಉಪಯೋಗವಾಗುವ ಹೊತ್ತಿನಲ್ಲಿ ಸುಮ್ಮನಿರುವುದನ್ನು ನಿಯಮ ಕಲಿಸಲಾರದು. ‘ಈಗ ಜೊತೆಗಾರನಿಗೆ ತಿಳಿಯದಿರುವುದು ಏನು?’ ಎಂದು ಪ್ರತಿ ಎಲೆಗೂ ಮೊದಲು ಕೇಳಿಕೊಳ್ಳುವವರೇ ಒಳ್ಳೆಯ ಡಿಫೆಂಡರ್‌ಗಳು. ಸಿಗ್ನಲ್‌ಗಳ ಕೋಷ್ಟಕ ಬಾಯಿಪಾಠ ಮಾಡಿದವರಿಗೆ ಈ ಅಭ್ಯಾಸ ಬರುವುದು ತಡ.

ಬಿಡ್ಡಿಂಗ್‌ಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಆಡಬಹುದಾದ ಮಾತು ಒಟ್ಟು 38: ಮೂವತ್ತೈದು ಬಿಡ್, ಜೊತೆಗೆ ಪಾಸ್, ಡಬಲ್, ರೀಡಬಲ್. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸುವುದು ಬರೀ ಆರಂಭ. ಯಂತ್ರದಿಂದ ಇಲ್ಲಿ ನಾವು ಕಲಿಯಬೇಕಾದದ್ದೂ ಒಂದಿದೆ. ಜೊತೆಗಾರನ ಬಿಡ್‌ಗೆ ಹೊಂದುವ ಮೂರು ನಾಲ್ಕು ಕೈಗಳನ್ನು ಮನಸ್ಸಿನಲ್ಲೇ ಹಂಚಿ, ಅವುಗಳಲ್ಲಿ ಎಷ್ಟರಲ್ಲಿ ಗೇಮ್ ಆಗುತ್ತದೆ ಎಂದು ನೋಡುವುದು. ನಮ್ಮ ರಾಣಿ ಜೊತೆಗಾರನ ಉದ್ದ ಬಣ್ಣದಲ್ಲಿದ್ದರೆ ಅದರ ಬೆಲೆ ಏರುತ್ತದೆ, ಎದುರಾಳಿಯ ಬಣ್ಣದಲ್ಲಿ ಒಂಟಿಯಾಗಿದ್ದರೆ ಇಳಿಯುತ್ತದೆ ಎಂಬುದು ಆಗ ತಾನಾಗಿ ಕಾಣುತ್ತದೆ.

ಯಂತ್ರದಿಂದ ಕಲಿಯಬಾರದ್ದು ಅದರ ತೀರ್ಪನ್ನು. ಡುಪ್ಲಿಕೇಟ್ ಬ್ರಿಡ್ಜ್ ಮುಗಿದ ಮೇಲೆ ಸಿಗುವ ಹಾಳೆಯಲ್ಲಿ, ಯಾವ ಹಂಚಿಕೆಯಲ್ಲಿ ಯಾವ ಕಾಂಟ್ರಾಕ್ಟ್ ಆಗುತ್ತಿತ್ತೆಂದು ಹಲವು ಕಡೆ ಅಚ್ಚಾಗಿರುತ್ತದೆ. ‘ನೋಡು, ನಾಲ್ಕು ಆಗ್ತಿತ್ತು, ನೀನು ಪಾಸ್ ಅಂದೆ’ ಎಂಬ ಜಗಳ ಶುರುವಾಗುವುದು ಅಲ್ಲಿಂದ. ಆ ಲೆಕ್ಕ ನಾಲ್ಕೂ ಕೈ ತೆರೆದು ಮಾಡಿದ್ದು. ಪಾಸ್ ಎಂದವನಿಗೆ ಕಾಣುತ್ತಿದ್ದದ್ದು ಹದಿಮೂರೇ ಎಲೆ. ಬಿಡ್ ಸರಿಯೋ ತಪ್ಪೋ ಎಂಬುದನ್ನು ಆ ಹೊತ್ತಿಗೆ ಗೊತ್ತಿದ್ದ ವಿಷಯದಿಂದಲೇ ಅಳೆಯಬೇಕು. ಇಲ್ಲದಿದ್ದರೆ ಒಳ್ಳೆಯ ತೀರ್ಮಾನಕ್ಕೆ ಬೈಗುಳ, ಕೆಟ್ಟ ಸಾಹಸಕ್ಕೆ ಶಹಬ್ಬಾಸ್.

ಈಗ ತಮ್ಮತಮ್ಮಲ್ಲೇ ಆಡಿಕೊಂಡು ಬಿಡ್ಡಿಂಗ್ ಕಲಿಯುವ ಪ್ರೋಗ್ರಾಂಗಳೂ ಬಂದಿವೆ. ಅವಕ್ಕೆ ಬ್ರಿಡ್ಜ್ ಕಾನೂನೇ ಒಂದು ಸವಾಲು: ಜೊತೆಗಾರರ ನಡುವೆ ಗುಟ್ಟಿನ ಸಂಕೇತ ಇರುವಂತಿಲ್ಲ, ಬಿಡ್‌ನ ಅರ್ಥವೇನೆಂದು ಎದುರಾಳಿ ಕೇಳಿದರೆ ವಿವರಿಸಬೇಕು. ತಾನೇ ಕಟ್ಟಿಕೊಂಡ ಭಾಷೆಯಲ್ಲಿ ‘ಎರಡು ಕಳಾವರ್’ ಎಂದ ಯಂತ್ರ, ಅದರ ಅರ್ಥವನ್ನು ಮನುಷ್ಯರ ಮಾತಿನಲ್ಲಿ ಬಿಡಿಸಿ ಹೇಳಲಾಗದಿದ್ದರೆ ಎಷ್ಟೇ ಗೆದ್ದರೂ ಆಟಕ್ಕೆ ಕೂರುವ ಅರ್ಹತೆ ಪಡೆಯುವುದಿಲ್ಲ. ನೂಕ್ ಕಟ್ಟಿದ ಫ್ರಾನ್ಸಿನ ತಂಡ, ತನ್ನ ನಿರ್ಧಾರಕ್ಕೆ ಕಾರಣ ಹೇಳಬಲ್ಲ ಯಂತ್ರವೇ ಬೇಕೆಂದು ಹೊರಟಿತ್ತು. ಬಿಡ್ಡಿಂಗ್ ಮೇಜಿಗೆ ಬರಬೇಕಾದ ಯಂತ್ರ ಅಂಥದ್ದೇ.