ಮಗಳ ದಿಂಬಿನಡಿಯ ಕಾದಂಬರಿ

ನವಲಗುಂದ ತಾಲೂಕಿನ ಒಂದು ಹಳ್ಳಿಯಿಂದ ಪರಿಚಯದ ಹೆಣ್ಣು ಮಗಳೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಚಹಾ ಮುಂದಿಟ್ಟರೂ ಕುಡಿಯಲಿಲ್ಲ. “ಆಪಾ, ಹುಡುಗಿ ಲವ್ ಸ್ಟೋರಿ ಓದಾಕ ಹತ್ತ್ಯಾಳ. ದಿಂಬಿನ ಕೆಳಗ ಸಿಕ್ತು. ಸಿಟ್ಟು ಬಂದು ಒಲಿಗೆ ಹಾಕಿದೆ. ಅವತ್ತಿನಿಂದ ನನ್ನ ಕೂಡ ಮಾತs ಬಿಟ್ಟಾಳ. ನೀವರ ಒಂದು ಮಾತು ಹೇಳ್ರಿ” ಎಂದು ಕಣ್ಣೊರೆಸಿಕೊಂಡಳು.

ಹುಡುಗಿ ಪಿಯುಸಿ ಎರಡನೆಯ ವರ್ಷದಲ್ಲಿ ಓದುತ್ತಿದ್ದಳು. ತಂದೆ ತೀರಿಹೋಗಿ ಎರಡು ವರ್ಷವಾಗಿತ್ತು. ಒಳ್ಳೆಯ ಹುಡುಗಿ, ನಮಾಝ್ ತಪ್ಪಿಸದವಳು, ಮನೆಗೆಲಸದಲ್ಲಿ ತಾಯಿಯ ಬಲಗೈ. ಅಂಥವಳ ದಿಂಬಿನಡಿ ಕಾದಂಬರಿ ಸಿಕ್ಕಿತೆಂದರೆ ತಾಯಿಗೆ ಭಯವಾಗುವುದು ಸಹಜ. ಆದರೆ ನಾನು ಕೇಳಿದ ಮೊದಲ ಪ್ರಶ್ನೆಗೇ ಆ ತಾಯಿಯ ಬಳಿ ಉತ್ತರವಿರಲಿಲ್ಲ. “ಆ ಪುಸ್ತಕದಾಗ ಏನಿತ್ತು?”

“ನಾ ಎಲ್ಲಿ ಓದ್ಲಿ ಆಪಾ? ಮುಖಪುಟದ ಮ್ಯಾಲೆ ಹುಡುಗ ಹುಡುಗಿ ಇದ್ರು.”

ಮರುದಿನ ಹುಡುಗಿಯನ್ನು ಕರೆಸಿ ಕೇಳಿದೆ. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತವಳು ಕೊನೆಗೆ ಕತೆ ಹೇಳಿದಳು. ತಂದೆಯನ್ನು ಕಳೆದುಕೊಂಡ ಹುಡುಗಿಯೊಬ್ಬಳು, ತಂದೆ ಹಿಂದೆ ಕೆಲಸ ಮಾಡುತ್ತಿದ್ದ ಊರಿಗೆ ರೈಲು ಹತ್ತಿ ಹೋಗುತ್ತಾಳೆ. ಮನೆಯವರು ತನ್ನಿಂದ ಮುಚ್ಚಿಟ್ಟ ಸಂಗತಿಯೊಂದು ಅಲ್ಲಿ ಅವಳಿಗೆ ತಿಳಿಯುತ್ತದೆ. ದಾರಿಯಲ್ಲಿ ಒಬ್ಬ ಹುಡುಗನ ಪರಿಚಯವೂ ಆಗುತ್ತದೆ. “ಹುಡುಗನ ಸಲುವಾಗಿ ಓದಲಿಲ್ಲ ಖಾಲಾ. ಅಕಿಗೂ ಅಪ್ಪ ಇರಲಿಲ್ಲ, ಅದಕ್ಕ ಓದಿದೆ” ಎಂದಳು.

ಆಮೇಲೆ ಇನ್ನೊಂದು ಮಾತು ಹೊರಬಂತು. ತಂದೆಯ ಮಯ್ಯಿತ್ ಮನೆಯಲ್ಲಿದ್ದ ದಿನ, ಬಾಗಿಲ ಬಳಿ ಗೋಡೆಗೆ ಒರಗಿ ಒಬ್ಬ ಯುವತಿ ಬಿಕ್ಕಿ ಬಿಕ್ಕಿ ಅತ್ತಿದ್ದಳಂತೆ. ಯಾರು ಎಂದು ಕೇಳಿದರೆ ‘ದೂರದ ಸಂಬಂಧಿಕರು’ ಎಂದರು. ಮತ್ತೆ ಕೇಳಿದಾಗ ಅಜ್ಜಿ ಗದರಿಸಿದಳು. ಅಂದಿನಿಂದ ಆ ಮನೆಯಲ್ಲಿ ತಂದೆಯ ಹೆಸರೆತ್ತಿದರೆ ಎಲ್ಲರೂ ಮಾತು ಬದಲಿಸುತ್ತಿದ್ದರು. ಅಳುವುದಕ್ಕೂ ಜಾಗವಿಲ್ಲದ ಹುಡುಗಿ ಕಾದಂಬರಿಯ ಮೊರೆ ಹೋಗಿದ್ದಳು.

ಇದು ಇಂದಿನ ಮಾತಲ್ಲ

ಕನ್ನಡದ ಹೆಣ್ಣು ಮಕ್ಕಳು ಪ್ರೇಮ, ಸಾವು ಮತ್ತು ಮನೆಯ ಗುಟ್ಟುಗಳ ಕತೆಯನ್ನು ಓದುತ್ತಿರುವುದು ಹೊಸದೇನಲ್ಲ. 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳನ್ನು ನಮ್ಮ ತಾಯಂದಿರು ಕೈಯಿಂದ ಕೈಗೆ ದಾಟಿಸಿ ಓದಿದ್ದರು. ಅವರ ‘ಶರಪಂಜರ’ದ ಕಾವೇರಿಗೆ ಪ್ರೀತಿಸುವ ಗಂಡನಿದ್ದ. ಆದರೆ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಒಳಗಾಗಿ ಗುಣವಾಗಿ ಬಂದಾಗ ಸ್ವಂತ ಮನೆಯೇ ಅವಳನ್ನು ಸಂಶಯದಿಂದ ನೋಡಿತು. ಮನೆಗಳಲ್ಲಿ ಪಿಸುಮಾತಿನಲ್ಲಿಯೂ ಆಡದಿದ್ದ ವಿಷಯವನ್ನು ಆ ಕಾದಂಬರಿ ಹೆಂಗಸರ ನಡುವೆ ಮಾತಿಗೆ ತಂದಿತು.

ನಮ್ಮದೇ ಮನೆಗಳ ಕತೆಯನ್ನು ಕನ್ನಡಕ್ಕೆ ತಂದವರು ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್. ಓದಬೇಕೆಂಬ ಹಂಬಲವಿದ್ದ ಅವರಿಗೆ ಗ್ರಂಥಾಲಯದ ಸದಸ್ಯತ್ವ ದೊರೆತದ್ದು ಮದುವೆಯಾಗಿ ಬಹಳ ಕಾಲದ ನಂತರ, 1963ರಲ್ಲಿ. ಮುಂದೆ ಎಂಬತ್ತರ ದಶಕದ ಆರಂಭದಲ್ಲಿ ಅವರು ಬರೆದ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ, ಗಂಡನನ್ನು ಪ್ರೀತಿಸಿಯೂ ತಂದೆಯ ಹಟಕ್ಕೆ ಸಿಕ್ಕಿ ಅವನಿಂದ ದೂರವಾಗುವ ಹುಡುಗಿ. ಅವಳ ದುರಂತಕ್ಕೆ ಕಾರಣ ಪ್ರೇಮವಲ್ಲ. ಅವಳ ಮನಸ್ಸಿನಲ್ಲಿ ಏನಿದೆ ಎಂದು ದೊಡ್ಡವರು ಕೇಳದೆ ಹೋದದ್ದು. ಸಾರಾ ಅವರು 2023ರ ಜನವರಿಯಲ್ಲಿ ನಮ್ಮನ್ನಗಲಿದರು.

ಹಾಸನದ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಸುದ್ದಿ ನಮ್ಮ ಹಳ್ಳಿಗಳನ್ನೂ ಮುಟ್ಟಿತು. ಅವರ ‘ಎದೆಯ ಹಣತೆ’ ಕತೆಯಲ್ಲಿ ಗಂಡನಿಂದ ನೊಂದು ತವರಿಗೆ ಬಂದವಳನ್ನು ಮನೆತನದ ಮರ್ಯಾದೆಯ ಹೆಸರಿನಲ್ಲಿ ತವರಿನವರೇ ಹಿಂದಕ್ಕೆ ಕಳಿಸುತ್ತಾರೆ. ಬದುಕು ಸಾಕೆಂದು ಹೊರಟ ಆ ತಾಯಿಯನ್ನು ಕೊನೆಗೆ ಹಿಡಿದು ನಿಲ್ಲಿಸುವುದು ಅವಳ ಹಿರಿಮಗಳು. ಮಕ್ಕಳಿಗೆ ಏನೂ ತಿಳಿಯದು ಎಂದು ನಾವು ಭಾವಿಸುತ್ತೇವೆ. ಅವರಿಗೆ ಎಲ್ಲವೂ ತಿಳಿದಿರುತ್ತದೆ. ನಾವು ಹೇಳಿಲ್ಲ ಎಂಬುದೂ ತಿಳಿದಿರುತ್ತದೆ.

ಅತ್ಯುತ್ತಮ ಕತೆಯಲ್ಲಿ ಏನಿದೆ?

“ಕತೆ ಓದೂದ ತಪ್ಪಲ್ಲೇನ್ರಿ?” ಎಂದು ಕೇಳುವ ತಾಯಂದಿರಿದ್ದಾರೆ. ಅವರಿಗೆ ನಾನು ಕುರ್‌ಆನಿನ ಹನ್ನೆರಡನೆಯ ಅಧ್ಯಾಯವಾದ ‘ಯೂಸುಫ್’ ಅನ್ನು ನೆನಪಿಸುತ್ತೇನೆ. ಅತ್ಯುತ್ತಮವಾದ ಕಥನವೆಂದು ಕುರ್‌ಆನ್ ಹೇಳಿದ ಆ ವೃತ್ತಾಂತದಲ್ಲಿ ಏನಿಲ್ಲ? ಬಾವಿಯಿಂದ ಈಜಿಪ್ಟ್‌ವರೆಗಿನ ದೂರದ ಪಯಣವಿದೆ. ಅಣ್ಣಂದಿರು ತಂದೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟ ಗುಟ್ಟಿದೆ. ಅತ್ತು ಅತ್ತು ಕಣ್ಣು ಕಳೆದುಕೊಂಡ ತಂದೆಯ ದುಃಖವಿದೆ. ಒಬ್ಬ ಹೆಣ್ಣಿನ ಮೋಹವೂ ಇದೆ. ಕೊನೆಗೆ ಗುಟ್ಟು ಬಯಲಾದಾಗಲೇ ಕುಟುಂಬ ಒಂದಾಗುತ್ತದೆ, ತಪ್ಪು ಮಾಡಿದವರಿಗೆ ಕ್ಷಮೆ ಸಿಗುತ್ತದೆ.

ಹಾಗೆಂದು ಸಿಕ್ಕಿದ್ದೆಲ್ಲವನ್ನೂ ಓದಬಹುದು ಎಂದಲ್ಲ. ಇಂದು ಹುಡುಗಿಯರ ಕೈಗೆ ಪುಸ್ತಕಕ್ಕಿಂತ ಮೊದಲು ಮೊಬೈಲ್ ಬರುತ್ತದೆ. ಅದರಲ್ಲಿ ಕಂತು ಕಂತಾಗಿ ಬರುವ ಎಷ್ಟೋ ಕತೆಗಳಲ್ಲಿ ಹುಡುಗಿಯ ಮೇಲೆ ದರ್ಪ ತೋರಿಸುವವನೇ ನಾಯಕ. ಹಿಂಬಾಲಿಸಿ ಕಾಡುವುದನ್ನು, ಕೈ ಎತ್ತುವುದನ್ನು ಪ್ರೀತಿ ಎಂದು ಬಣ್ಣಿಸುವ ಬರಹಗಳಿವೆ. ಇದು ಪ್ರೀತಿಯಲ್ಲ ಎಂದು ಹುಡುಗಿಗೆ ಹೇಳುವವರು ಯಾರು? ಪುಸ್ತಕ ಒಲೆಗೆ ಹಾಕಿದ ತಾಯಿ ಆ ಮಾತು ಹೇಳುವ ಅವಕಾಶವನ್ನೂ ಸುಟ್ಟುಕೊಂಡಂತೆ. ಓದಿದ ತಾಯಿ ಮಾತ್ರ “ಇವನು ಹೀಂಗ ಮಾಡಿದ್ದು ಸರಿ ಏನವಾ?” ಎಂದು ಕೇಳಬಲ್ಲಳು.

ಮಗಳಿಂದ ಮುಚ್ಚಿಟ್ಟ ವಿದ್ಯೆ

ನವಲಗುಂದದ ಜಮಖಾನ ಯಾರಿಗೆ ಗೊತ್ತಿಲ್ಲ? ನಮ್ಮ ಸಮುದಾಯದ ಹೆಂಗಸರೇ ಮನೆಯೊಳಗಿನ ಮಗ್ಗದ ಮುಂದೆ ಕುಳಿತು ನೇಯುವ ಈ ಹಾಸಿಗೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಈ ನೇಯ್ಗೆಯನ್ನು ಹೆಣ್ಣು ಮಕ್ಕಳಿಗೆ ಕಲಿಸುತ್ತಿರಲಿಲ್ಲವಂತೆ. ಮದುವೆಯಾಗಿ ಹೋದ ಮನೆಗೆ ಗುಟ್ಟು ಒಯ್ದಾರೆಂಬ ಭಯ. ಹೀಗೆ ಕಾಪಾಡಿದ ವಿದ್ಯೆಯನ್ನು ಬಲ್ಲವರು ಇಂದು ಕೆಲವೇ ಮಂದಿ. ಕಡಿಮೆ ಕೂಲಿ, ಅಗ್ಗದ ಯಂತ್ರದ ಹಾಸಿಗೆಗಳು ಮುಂತಾದ ಬೇರೆ ಕಾರಣಗಳೂ ಇವೆ, ನಿಜ. ಆದರೂ ಮಗಳಿಂದ ಮುಚ್ಚಿಟ್ಟದ್ದು ಮನೆಯಲ್ಲಿ ಉಳಿಯುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಮತ್ತೆ ಆ ಮನೆಯ ವಿಷಯಕ್ಕೆ ಬರುತ್ತೇನೆ. ತಾಯಿಯೊಂದಿಗೆ ಮೂರ್ನಾಲ್ಕು ಬಾರಿ ಮಾತಾಡಿದ ಮೇಲೆ ಸತ್ಯ ಹೊರಬಂತು. ಅವಳ ಗಂಡನಿಗೆ ಮೊದಲು ಇನ್ನೊಂದು ಮದುವೆಯಾಗಿ, ಅದು ತಲಾಕ್‌ನಲ್ಲಿ ಕೊನೆಗೊಂಡಿತ್ತು. ಆ ಮದುವೆಯ ಮಗಳು ಗದಗದಲ್ಲಿ ತಾಯಿಯ ತವರಿನಲ್ಲಿ ಬೆಳೆದಿದ್ದಳು. ಬಾಗಿಲ ಬಳಿ ಅತ್ತವಳು ಅವಳೇ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇರಲಿಲ್ಲ. ಆದರೆ ಮುಚ್ಚಿಟ್ಟದ್ದರಿಂದ ಎರಡು ಅನ್ಯಾಯಗಳಾಗಿದ್ದವು. ಒಬ್ಬಳಿಗೆ ಅಕ್ಕ ಇಲ್ಲದಂತಾಯಿತು. ಇನ್ನೊಬ್ಬಳಿಗೆ ತಂದೆಯ ಆಸ್ತಿಯಲ್ಲಿ ಬರಬೇಕಾದ ಪಾಲು ಬರಲಿಲ್ಲ. ಶರೀಅತ್‌ನಲ್ಲಿ ಮೊದಲ ಮದುವೆಯ ಮಗಳಿಗೂ ಎರಡನೆಯ ಮದುವೆಯ ಮಗಳಿಗೂ ತಂದೆಯ ಆಸ್ತಿಯಲ್ಲಿ ಸಮಾನ ಹಕ್ಕಿದೆ. ತಾಯಿ ತಲಾಕ್ ಪಡೆದಳೆಂದು ಮಗಳ ಹಕ್ಕು ಹೋಗುವುದಿಲ್ಲ. ಮನೆಯ ಗುಟ್ಟೆಂದರೆ ಕೆಲವೊಮ್ಮೆ ಇನ್ನೊಬ್ಬರ ಹಕ್ಕಿನ ಮೇಲೆ ಹಾಸಿದ ಜಮಖಾನ.

ತಾಯಂದಿರು ಏನು ಮಾಡಬಹುದು?

ಮಗಳು ಓದುವ ಪುಸ್ತಕವನ್ನು ನೀವೂ ಓದಿರಿ. ಅಕ್ಷರ ಬಾರದಿದ್ದರೆ ಅವಳಿಂದಲೇ ಗಟ್ಟಿಯಾಗಿ ಓದಿಸಿರಿ. ರೊಟ್ಟಿ ಬಡಿಯುವಾಗ, ಹೆಸರುಕಾಯಿ ಸುಲಿಯುವಾಗ ಕಿವಿ ಖಾಲಿಯೇ ಇರುತ್ತದೆ. ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಮಗಳನ್ನು ಕಳಿಸಿರಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಮನೆಯಲ್ಲಿ ಸಾವು ಸಂಭವಿಸಿದಾಗ ತೀರಿಹೋದವರ ಹೆಸರನ್ನು ಮಕ್ಕಳ ಮುಂದೆ ಎತ್ತಿರಿ, ಅವರಿಗಾಗಿ ಒಟ್ಟಿಗೆ ದುಆ ಮಾಡಿರಿ. ಮಗಳು ಅತ್ತರೆ ಅಳಲಿ. ಅವಳು ಕೇಳಿದ ಪ್ರಶ್ನೆಗೆ ಉತ್ತರಿಸಲು ಕಷ್ಟವಾದರೆ “ಈಗ ಬ್ಯಾಡ, ಆಮ್ಯಾಲೆ ಹೇಳತೀನಿ” ಎನ್ನಿರಿ. ಹೇಳಿದಂತೆ ಆಮೇಲೆ ಹೇಳಿರಿ.

ಆ ತಾಯಿ ಮಗಳು ಒಂದು ಆದಿತ್ಯವಾರ ನವಲಗುಂದದಿಂದ ಅಣ್ಣಿಗೇರಿಗೆ, ಅಲ್ಲಿಂದ ಗದಗಕ್ಕೆ ಬಸ್ಸಿನಲ್ಲಿ ಹೋದರು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ಟಿಕೆಟಿಗೆ ದುಡ್ಡಿಲ್ಲ. ದುಡ್ಡಿಗಿಂತ ದೊಡ್ಡದಾಗಿದ್ದ ಅಂಜಿಕೆಯನ್ನು ತಾಯಿ ತಾನೇ ದಾಟಬೇಕಾಯಿತು. ಅಕ್ಕ ಮೊದಲು ಬಾಗಿಲಲ್ಲೇ ನಿಂತಳಂತೆ, ಒಳಗೆ ಕರೆಯಲಿಲ್ಲವಂತೆ. ಆಮೇಲೆ ತಂಗಿಯ ಮುಖ ನೋಡಿ, “ಅಪ್ಪಾನ ಹಣಿ, ಅಪ್ಪಾನ ಮೂಗು” ಎಂದು ಅಪ್ಪಿಕೊಂಡಳಂತೆ. ಪಾಲಿನ ಮಾತುಕತೆ ಇನ್ನೂ ಮುಗಿದಿಲ್ಲ, ಅಜ್ಜಿಯ ಸಿಟ್ಟೂ ಇಳಿದಿಲ್ಲ. ಆದರೆ ತಾಯಿ ಮಗಳು ಮಾತಾಡುತ್ತಿದ್ದಾರೆ.

ಹೋದ ತಿಂಗಳು ತಾಯಿ ಫೋನ್ ಮಾಡಿದ್ದಳು. ಸುಟ್ಟ ಪುಸ್ತಕದ ಬದಲು ಹೊಸದೊಂದನ್ನು ತರಿಸಿ ಗ್ರಂಥಾಲಯಕ್ಕೆ ಕೊಡಬೇಕೆಂದಿದ್ದಾಳೆ. “ಕೊಡೂಕಿಂತ ಮೊದ್ಲ ನಾನೂ ಒಂದ್ಸಲ ಓದತೀನಿ ಆಪಾ. ಆ ಹುಡುಗಿಗೆ ಕೊನಿಗೆ ಏನಾತು ಅಂತ ನೋಡಬೇಕು” ಎಂದಳು.