ಬೋಲ್ಟಿನ ಮೇಲೆ ಅರ ಆಡಿಸಿದರೆ

ಅರೆಸ್ವಯಂಚಾಲಿತ ಬಂದೂಕು ಎಂದರೆ ಕುದುರೆಯನ್ನು ಒಮ್ಮೆ ಎಳೆದಾಗ ಒಂದೇ ಗುಂಡನ್ನು ಹಾರಿಸಿ, ಖಾಲಿ ತೋಟಾವನ್ನು ಹೊರಚೆಲ್ಲಿ, ಮುಂದಿನದನ್ನು ತಾನೇ ಒಳಸೇರಿಸಿಕೊಳ್ಳುವ ಆಯುಧ. ನಳಿಗೆಯ ಹಿಂಬಾಯಿಯನ್ನು ಮುಚ್ಚಿ ನಿಲ್ಲುವ ಉಕ್ಕಿನ ಭಾಗಕ್ಕೆ ಬೋಲ್ಟ್ ಎಂದೂ, ಅದನ್ನು ಹೊತ್ತು ಹಿಂದೆ ಮುಂದೆ ಚಲಿಸಿ ಸಕಾಲಕ್ಕೆ ಅದರ ಬಿಗಿತವನ್ನು ಬಿಡಿಸುವ ಭಾಗಕ್ಕೆ ಕ್ಯಾರಿಯರ್ ಎಂದೂ ಹೆಸರು. ಪಿಸ್ತೂಲಿನಲ್ಲಿ ಈ ಎರಡೂ ಕೆಲಸವನ್ನು ಬಹುಮಟ್ಟಿಗೆ ಸ್ಲೈಡ್ ಎಂಬ ಜಾರುಭಾಗವೇ ನಿರ್ವಹಿಸುತ್ತದೆ.

ಹಿಂಬಾಯಿ ಹೀಗೆ ತೆರೆದು ಮುಚ್ಚದ ಕಾಲವೂ ಇತ್ತು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಕೆಡವಿದರೆಂದು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿದ್ದಾನೆ. ಬಾಯಿಯಿಂದ ಮದ್ದು ತುಂಬುವ ಅಂದಿನ ಕೋವಿಗಳ ಹಿಂಬದಿ ಸದಾ ಮುಚ್ಚಿರುತ್ತಿತ್ತು. ಹಿಂಬದಿಯನ್ನು ತೆರೆದು ಮುಚ್ಚುವ ಆಯುಧಗಳು ಬಂದ ಮೇಲೆ, ಅದು ಯಾವ ಗಳಿಗೆಯಲ್ಲಿ ತೆರೆದುಕೊಳ್ಳುತ್ತದೆ ಎಂಬುದರ ಮೇಲೆ ಹಿಡಿದವನ ಕಣ್ಣು, ಕೈಗಳ ಕ್ಷೇಮ ನಿಂತಿತು.

ಪರವಾನಗಿದಾರರ ಬಳಿ ಕಾಣಸಿಗುವ .32 ಪಿಸ್ತೂಲಿನ ತೋಟಾ ಸಿಡಿದಾಗ ಒಳಗಿನ ಒತ್ತಡ ಚದರ ಇಂಚಿಗೆ ಸುಮಾರು 20,000 ಪೌಂಡಿನವರೆಗೆ ಏರುತ್ತದೆ. ಲಾರಿಯ ಚಕ್ರದ ಗಾಳಿಯ ಒತ್ತಡ ನೂರರ ಆಸುಪಾಸಿನದು. ಇಂಥ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿಯೇ ಹಿಂಬಾಯಿಯನ್ನು ಕಾಯುವುದರಿಂದ, ಸ್ಲೈಡನ್ನು ಕೊರೆದು ಹಗುರ ಮಾಡಿದರೆ ಒತ್ತಡ ಇಳಿಯುವ ಮೊದಲೇ ಅದು ಹಿಂದೆ ಸರಿದು, ಆಸರೆ ತಪ್ಪಿದ ತೋಟಾ ಒಡೆದು, ಕಾದ ಅನಿಲವೂ ಹಿತ್ತಾಳೆಯ ಚೂರುಗಳೂ ಗುರಿಕಾರನತ್ತಲೇ ಚಿಮ್ಮಬಹುದು. ರೈಫಲಿನ ಬೋಲ್ಟನ್ನು ಅರದಿಂದ ಉಜ್ಜಿದರೆ ಗಟ್ಟಿಗೊಳಿಸಿದ ಹೊರಪದರ ಕಳಚುತ್ತದೆ, ಕಾಯಿಸಿದರೆ ಉಕ್ಕಿನ ಹದವೇ ಕೆಡುತ್ತದೆ. ಅಮೆರಿಕದ 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲುಗಳ ತಯಾರಿಕೆಯಲ್ಲಿ ಪಳಗಿದ ಕೆಲಸಗಾರರೇ ಉಕ್ಕಿನ ಬಣ್ಣ ನೋಡಿ ಕಾವನ್ನು ಅಂದಾಜಿಸುತ್ತಿದ್ದ ಕಾರಣ, ಅತಿಯಾಗಿ ಕಾದು ಪೆಡಸಾದ ಕೆಲವು ಬಂದೂಕುಗಳು 1917ರಲ್ಲಿ ಸಿಡಿದುಹೋದವು. ಕಾರ್ಖಾನೆಗೇ ತಪ್ಪಿದ ಹದ ಬೀದಿಬದಿಯ ಲೇತ್ ಅಂಗಡಿಗೆ ದಕ್ಕುವುದೆಂದು ನಂಬುವುದು ಪ್ರಾಣದ ಜೊತೆಗಿನ ಜೂಜು.

ಇನ್ನು ಕಾನೂನಿನ ಮಾತು. ಅರೆಸ್ವಯಂಚಾಲಿತ ರೈಫಲುಗಳು ಸಾಮಾನ್ಯವಾಗಿ ನಿಷೇಧಿತ ವರ್ಗದಲ್ಲಿರುವ ನಮ್ಮ ದೇಶದಲ್ಲಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕು ದುರಸ್ತಿಯ ವೃತ್ತಿಗೂ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದೆ ಆಯುಧವನ್ನು ಒಂದು ವರ್ಗದಿಂದ ಇನ್ನೊಂದಕ್ಕೆ ಮಾರ್ಪಡಿಸಿದವರಿಗೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸವಿದೆ. ರಾಯಚೂರು ನಗರ, ದೇವದುರ್ಗ, ಮಾನ್ವಿಗಳ ಪರವಾನಗಿದಾರರು ತಮ್ಮ ಆಯುಧ ತೊಡಕು ಕೊಟ್ಟಾಗ ಅರ, ವೆಲ್ಡಿಂಗ್‌ಗಳ ಬಳಿಗೆ ಹೋಗದೆ, ತೋಟಾ ತೆಗೆದು ಬರಿದಾದುದನ್ನು ಖಚಿತಪಡಿಸಿಕೊಂಡು, ಅಧಿಕೃತ ದುರಸ್ತಿಗಾರರಿಗೇ ಒಪ್ಪಿಸಬೇಕು.